ಶುಗರ್‌ಲ್ಯಾಂಡಿನಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. "ಕೋಚ್ ನನ್ನನ್ನ ಡಿಫೆನ್ಸ್‌ಗೆ ಹಾಕಿದ್ದಾರಮ್ಮ, ಮುಂದೆ ಆಡೋಕೆ ಬಿಡಲ್ಲ" ಅಂದೆ. ಆಮೇಲೆ ಸುಮ್ಮನಾದೆ. ಫೋನ್ ಇಟ್ಟ ಮೇಲೆ ನನಗೆ ನಮ್ಮೂರಿನ ಹಳೇ ಫುಟ್‌ಬಾಲ್ ಆಟಗಾರ ಕೆನ್ ಹಾಲ್ ನೆನಪಾದ.

ನಮ್ಮೂರು ಅಂತಲೇ ಬರೆದೆ ನೋಡು. ನೀನು ಹುಟ್ಟಿ ಬೆಳೆದ ಜಾಗ ನನಗೂ ಊರೇ ಅಲ್ವಾ? ಅವನ ಕಾಲಕ್ಕೆ ಟೆಕ್ಸಸ್‌ನ ಈ ಶುಗರ್‌ಲ್ಯಾಂಡ್ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಪುಟ್ಟ ಊರು. 1950ರಿಂದ 1953ರವರೆಗೆ ಇಲ್ಲಿನ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಹಿಡಿದು ಅವನು ಓಡಿದ್ದು 11,232 ಗಜ. ಹತ್ತು ಕಿಲೋಮೀಟರಿಗೂ ಜಾಸ್ತಿ! ಅದೂ ಎದುರಿನವರೆಲ್ಲ ಕೆಡವಲು ಮೈಮೇಲೆ ನುಗ್ಗುತ್ತಿರುವಾಗ. 1953ರ ಒಂದು ಪಂದ್ಯದಲ್ಲಿ ಹನ್ನೊಂದೇ ಸಲ ಚೆಂಡು ಹಿಡಿದು ಓಡಿದ. ಅಷ್ಟರಲ್ಲೇ 520 ಗಜ, ಏಳು ಸಲ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಟಚ್‌ಡೌನ್! 'ಶುಗರ್‌ಲ್ಯಾಂಡ್ ಎಕ್ಸ್‌ಪ್ರೆಸ್' ಅಂತ ಜನ ಸುಮ್ನೆ ಕರೆಯಲಿಲ್ಲ.

ಅಂಥ ಹುಡುಗ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸೇರಿದ. ಬೇರ್ ಬ್ರಯಂಟ್ ಕೋಚ್. ಆಗ ಒಬ್ಬನೇ ಆಟಗಾರ ದಾಳಿಯನ್ನೂ ಮಾಡಬೇಕು, ಡಿಫೆನ್ಸ್ ಕೂಡ ಆಡಬೇಕು. ಓಡುವುದೇ ಉಸಿರಾಗಿದ್ದವನಿಗೆ ಅದು ಒಗ್ಗಲಿಲ್ಲ. ಬೆಂಚಿನ ಮೇಲೆ ಕೂತ. ಕೊನೆಗೆ ತಂಡವನ್ನೇ ಬಿಟ್ಟ. ಅವನ ವಿಷಯದಲ್ಲಿ ತಪ್ಪಿದೆ ಅಂತ ಬ್ರಯಂಟ್ ಒಪ್ಪಿಕೊಂಡಿದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಆ ಹುಡುಗ ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದನೇನೋ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದರೆ ಓಡಿದ್ದು ಎಲ್ಲಿ ಹೋಗುತ್ತದೆ ಹೇಳು? ಹೈಸ್ಕೂಲಿನಲ್ಲಿ ಅತಿ ಹೆಚ್ಚು ಗಜ ಓಡಿದ ಅವನ ರಾಷ್ಟ್ರೀಯ ದಾಖಲೆ 59 ವರ್ಷ ಹಾಗೇ ನಿಂತಿತ್ತು. 2012ರಲ್ಲಿ ಫ್ಲಾರಿಡಾದ ಯೂಲಿ ಹೈಸ್ಕೂಲಿನ ಡೆರಿಕ್ ಹೆನ್ರಿ ಅದನ್ನು ಮುರಿದ. ಅದೇ ಹೆನ್ರಿ ಈಗ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್ಎಫ್ಎಲ್‌ನಲ್ಲಿ ಎಷ್ಟು ದೊಡ್ಡ ಹೆಸರು ಅಂತ ನಿನಗೇ ಗೊತ್ತು.

ನಿನ್ನ ಕೋಚ್ ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಡಿಫೆನ್ಸ್ ನಿನಗೆ ಒಗ್ಗಲೂಬಹುದು. ಒಗ್ಗದಿದ್ದರೆ ಹೋಗಿ ನೇರವಾಗಿ ಕೇಳು, ಯಾಕೆ ಅಂತ. ಒಳಗೇ ನುಂಗಿಕೊಂಡು ಕೂರಬೇಡ. ಬಿಡಬೇಕು ಅನ್ನಿಸಿದರೂ ಮೊದಲು ನನಗೆ ಹೇಳು. ನಾನು ಬಯ್ಯುವುದಿಲ್ಲ, ಖಂಡಿತ.

ಮುಂದಿನ ಶನಿವಾರದ ಪಂದ್ಯಕ್ಕೆ ನಾನೂ ಅಪ್ಪನೂ ಬರುತ್ತಿದ್ದೇವೆ. ನೀನು ಮೈದಾನದಲ್ಲಿರು, ಬೆಂಚಿನಲ್ಲಿರು, ಬರುತ್ತೇವೆ. ಚಟ್ನಿಪುಡಿ ಮುಗಿದಿರಬೇಕು, ಅದನ್ನೂ ತರುತ್ತೇನೆ.

ನಿನ್ನ,
ಅಮ್ಮ