ಮಗಳ ಪುಸ್ತಕ ವಾಪಸ್ ಕೊಡು ಮಾರಾಯ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ನಿಮ್ಮನೇಲಿ ಊಟ ಮಾಡಿ ಬಂದಾಗಿಂದ ಒಂದು ಮಾತು ಗಂಟಲಲ್ಲೇ ಸಿಕ್ಕಾಕೊಂಡಿದೆ. ಅಲ್ಲೇ ಹೇಳಬಹುದಿತ್ತು, ಆದ್ರೆ ಮಗಳ ಎದುರಿಗೆ ಅಪ್ಪನಿಗೆ ಹೇಳೋದು ಸರಿ ಅಲ್ಲ ಅನ್ನಿಸ್ತು. ಫೋನಲ್ಲಾದ್ರೆ ನೀನು ಮಧ್ಯದಲ್ಲೇ ಬಾಯಿ ಹಾಕ್ತೀಯ. ಅದಕ್ಕೇ ಬರೀತಿದೀನಿ. ನಿನ್ನ ಹೆಸರು ಹಾಕದೆ ಎಲ್ಲರಿಗೂ ಕಾಣೋ ಹಾಗೇ ಹಾಕ್ತಿದೀನಿ, ಯಾಕಂದ್ರೆ ನೀನು ಅವತ್ತು ಅಂದಿದ್ದನ್ನೇ ಅನ್ನೋ ಅಪ್ಪ ಅಮ್ಮಂದಿರು ನಮ್ಮ ಸುತ್ತ ಬೇಕಾದಷ್ಟು ಜನ ಇದಾರೆ.

ಅವಳು ದಿವಾನದ ಮೂಲೇಲಿ ಕಾಲು ಮಡಚ್ಕೊಂಡು ಕೂತು ಕಥೆ ಪುಸ್ತಕ ಓದ್ತಿದ್ಲಲ್ಲ, ನೋಡಿದ್ಯಾ ಆ ಮುಖಾನ? ನಾನು ನೋಡ್ತಾನೇ ಇದ್ದೆ. ಒಂದು ಬೆರಳು ಆಗ್ಲೇ ಪುಟದ ಮೂಲೆ ಎತ್ತಿ ರೆಡಿ ಇತ್ತು, ಪಕ್ಕದಲ್ಲಿ ಅರ್ಧ ಕಚ್ಚಿದ ಚಕ್ಕುಲಿ ಹಾಗೇ ಬಿದ್ದಿತ್ತು, ನಿಮ್ಮಮ್ಮ ಎರಡು ಸಲ ಕರೆದ್ರೂ ಅವಳಿಗೆ ಕೇಳಿಸ್ಲಿಲ್ಲ, ತುಟಿ ಮಾತ್ರ ಸಣ್ಣಗೆ ಅಲ್ಲಾಡ್ತಿತ್ತು. ಅಷ್ಟರಲ್ಲಿ ನೀನು ಬಂದೆ, ಪುಸ್ತಕ ಕಿತ್ಕೊಂಡು ಟೀವಿ ಮೇಲಿನ ಶೆಲ್ಫಲ್ಲಿಟ್ಟು "ಇದನ್ನೋದಿ ಏನ್ ಸಿಗುತ್ತೆ ನಿಂಗೆ, ಓದೋದಿದ್ರೆ ಉಪಯೋಗಕ್ಕೆ ಬರೋದು ಓದು" ಅಂದೆ. ಅವಳು ಅಳ್ಲಿಲ್ಲ, ವಾದಾನೂ ಮಾಡ್ಲಿಲ್ಲ. ಎದ್ದು ಹೋಗಿ ಟ್ಯಾಬ್ ತಗೊಂಡು ಕೂತ್ಲು.

ಏನ್ ಸಿಗುತ್ತೆ ಅಂತ ಬೇರೆ ಯಾರಾದ್ರೂ ಕೇಳಿದ್ರೆ ನಂಗೆ ಇಷ್ಟು ನೋವಾಗ್ತಿರ್ಲಿಲ್ಲ. ಕೇಳಿದ್ದು ನೀನು.

ಒಂಬತ್ತನೇ ಕ್ಲಾಸಲ್ಲಿದ್ದಾಗ ನಿಮ್ಮನೆ ಅಡಿಕೆ ಸುಲಿಯೋ ಕಾಲ ನೆನಪಿದೆಯಾ? ರಾತ್ರಿ ಊಟ ಆದ್ಮೇಲೆ ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕ್ಕೊಂಡು ಸಾಲಾಗಿ ಕೂರೋರು, ಕರೆಂಟ್ ಹೋದ್ರೆ ಗ್ಯಾಸ್‌ಲೈಟು, ನಾವಿಬ್ರೂ ಸಿಪ್ಪೆ ರಾಶಿಗೆ ಒರಗಿಕೊಂಡು ತೇಜಸ್ವಿಯವರ ಕಾದಂಬರಿ 'ಕರ್ವಾಲೋ' ಓದ್ತಿದ್ವಿ. ಮೊದಲು ಮನಸ್ಸಲ್ಲೇ ಓದ್ತಿದ್ವಿ, ನೀನು ಬಿರಿಯಾನಿ ಕರಿಯಪ್ಪನ ಕಡೆ ಬಂದಾಗ ಜೋರಾಗಿ ನಕ್ಕುಬಿಟ್ಟೆ, ಅದೇನೋ ನಮಗೂ ಹೇಳ್ರೋ ಅಂತ ಹೆಂಗಸರು ಕೇಳಿದ್ರು, ಅಲ್ಲಿಂದ ಶುರುವಾಯ್ತಲ್ಲ ನಿನ್ನ ಓದು. ಮಂದಣ್ಣನ ಮಾತು ಬಂದ್ರೆ ನೀನು ದನಿ ಬದಲಾಯಿಸ್ತಿದ್ದೆ, ಎಂಗ್ಟನಿಗೆ ಇನ್ನೊಂದು ದನಿ. ಮಾರನೇ ದಿನ ಸಂಜೆ ನಾವು ಸ್ಕೂಲಿಂದ ಬರೋದನ್ನೇ ಕಾದು ಒಬ್ಬರು ಕೇಳಿದ್ರು, ಆ ಹಾರೋ ಓತಿ ಸಿಕ್ತೇನೋ ಅಂತ. ನಾಲ್ಕೈದು ರಾತ್ರಿ ಅದೇ ಮಾತು.

ಕೊನೇ ರಾತ್ರಿ ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟೆಲ್ಲ ಕಾಡು ಸುತ್ತಿ, ಮರ ಹತ್ತಿ, ಎದ್ದು ಬಿದ್ದು ಹುಡುಕಿದ ಓತಿ ಕೈಗೆ ಸಿಕ್ಕಿತು ಅನ್ನೋಷ್ಟರಲ್ಲಿ ಕಣಿವೆ ಕಡೆ ಹಾರಿ ಹೋಗಿಬಿಡುತ್ತಲ್ಲ, ಅಲ್ಲಿಗೆ ಬಂದಾಗ ನಿನ್ನ ದನಿ ಇಳಿದುಹೋಯ್ತು, ಆ ಕಡೆ ಮೆಟ್ಟುಗತ್ತಿ ಸದ್ದೂ ನಿಂತೋಯ್ತು. ಡಬ್ಬದ ಲೆಕ್ಕದ ಕೂಲಿ ಕಣೋ ಅವರದ್ದು, ಎಷ್ಟು ಡಬ್ಬ ಸುಲಿದ್ರೆ ಅಷ್ಟು ದುಡ್ಡು, ಕೈ ನಿಲ್ಲಿಸಿದ್ರೆ ಲುಕ್ಸಾನು ಅವರಿಗೇ. ಅಂಥೋರು ಎಲ್ಲೂ ನೋಡಿರದ ಒಂದು ಓತಿಗೋಸ್ಕರ ಕೈ ನಿಲ್ಲಿಸಿ ಕೂತಿದ್ರು. ಆಮೇಲೆ ಆ ದೊಡ್ಡಮ್ಮ, ಬಾಯಲ್ಲಿ ಕವಳ ಹಾಗೇ ಇಟ್ಕೊಂಡು, "ಹೋಗ್ಲಿ ಬಿಡು, ಬದುಕ್ಕೊಳ್ಲಿ ಪಾಪ" ಅಂದ್ರು. ಎಲ್ಲರೂ ಉಸಿರು ಬಿಟ್ರು, ಮತ್ತೆ ಸುಲಿಯೋಕೆ ಶುರು ಮಾಡಿದ್ರು. ಕೊನೇಗೂ ಓತಿ ಸಿಗ್ಲಿಲ್ಲ. ಆದ್ರೆ ನಾಲ್ಕೈದು ರಾತ್ರಿ ಸುಮ್ನೆ ಹೋಯ್ತು ಅಂತ ಅಲ್ಲಿದ್ದೋರು ಯಾರೂ ಅನ್ಲಿಲ್ಲ, ಇನ್ನೊಂದು ಕಥೆ ಇದ್ರೆ ತಗೊಂಬಾ ಅಂದ್ರು.

ಆ ದನಿ ನಿಂದೇ ಆಗಿತ್ತು. ಅದಕ್ಕೇ ಭಾನುವಾರ ನಿನ್ನ ಬಾಯಲ್ಲಿ ಆ ಪ್ರಶ್ನೆ ಕೇಳಿ ಕರುಳು ಚುರುಕ್ ಅಂತು.

ನಮ್ಮಮ್ಮನ ವಿಷ್ಯ ನಿಂಗೆ ಗೊತ್ತಲ್ಲ. 'ಸುಧಾ' ವಾರಪತ್ರಿಕೆ ಬಂದ್ರೆ ಮೊದಲು ಧಾರಾವಾಹಿ ಪುಟ ತೆಗೆಯೋರು, ಅಪ್ಪ ಓದಿ ಮುಗಿಸಿದ ಮೇಲೆ ಆ ಪುಟಗಳನ್ನ ಬ್ಲೇಡಲ್ಲಿ ನೀಟಾಗಿ ಕತ್ತರಿಸಿ ಹಾಸಿಗೆ ಕೆಳಗಿಡೋರು, ಕಾದಂಬರಿ ಮುಗಿದ ವಾರ ಗೋಣಿ ಸೂಜಿಗೆ ದಾರ ಪೋಣಿಸಿ ಹೊಲಿದು ಹಳೇ ಕ್ಯಾಲೆಂಡರ್ ಹಾಳೇಲಿ ರಟ್ಟು ಹಾಕೋರು. ಹಂಗೆ ಹೊಲಿದ ಪುಸ್ತಕ ಟ್ರಂಕಲ್ಲಿ ಇನ್ನೂ ಇವೆ, ಒಂದೊಂದು ಕಡೆ ಹಿಂದಿನ ಪುಟದ ಜಾಹೀರಾತೂ ಸೇರಿ ಹೊಲಿಗೆ ಬಿದ್ದಿದೆ. ಕಾದಂಬರಿಗಾರ್ತಿ ತ್ರಿವೇಣಿ ಅಂದ್ರೆ ಅವರಿಗೆ ಪ್ರಾಣ. ಆಯಮ್ಮ 1963ರಲ್ಲಿ, 35 ತುಂಬೋ ಮೊದಲೇ ತೀರಿಹೋದ್ರು ಅನ್ನೋದನ್ನ ಅಮ್ಮ ಸ್ವಂತ ಅಕ್ಕ ಹೋದಷ್ಟೇ ಸಂಕಟದಲ್ಲಿ ಹೇಳೋರು. ಆಯಮ್ಮನ 'ಶರಪಂಜರ' ಓದ್ತಾ ಒಲೆ ಮೇಲಿನ ಅನ್ನ ಸೀದುಹೋಗಿ ಅಜ್ಜಿ ಕೈಲಿ ಬೈಸ್ಕೊಂಡ್ರಂತೆ. ಅದರ ನಾಯಕಿ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಬಂದ್ರೂ ಸುತ್ತಲಿನ ಜನ ಅವಳನ್ನ ಹುಚ್ಚಿ ಅಂತಲೇ ನೋಡ್ತಾರಲ್ಲ, ಅದನ್ನ ಹೇಳುವಾಗ ಅಮ್ಮನ ಗಂಟಲು ಕಟ್ಟೋದು. ಆ ಮನೇಲಿ ಅಮ್ಮನಿಗೆ ಅಂತ ಒಂದು ರೂಮಿರಲಿ, ಒಂದು ಕುರ್ಚೀನೂ ಇರ್ಲಿಲ್ಲ ಮಾರಾಯ. ಮಧ್ಯಾಹ್ನ ಪಾತ್ರೆ ತೊಳೆದಾದ್ಮೇಲೆ ಸಿಗ್ತಿದ್ದ ಆ ಒಂದು ಗಂಟೆ ಮಾತ್ರ ಅವರದ್ದಾಗಿತ್ತು, ಆಗ ಯಾರು ಕರೆದ್ರೂ ಏಳ್ತಿರ್ಲಿಲ್ಲ.

ಕಥೆ ಓದಿದ್ರೆ ಭಾಷೆ ಸುಧಾರಿಸುತ್ತೆ, ಮಾರ್ಕ್ಸ್ ಬರುತ್ತೆ ಅಂತೆಲ್ಲ ಹೇಳಿ ನಿನ್ನನ್ನ ಒಪ್ಪಿಸಬಹುದು. ಬೇಕಂತಲೇ ಹೇಳಲ್ಲ. ಹಾಗೆ ಒಪ್ಪಿದ್ರೆ ನಾಳೆಯಿಂದ ನೀನು ಪುಸ್ತಕ ಮುಗಿದ ತಕ್ಷಣ ಏನು ಕಲಿತೆ ಹೇಳು ಅಂತ ಅವಳ ಮುಂದೆ ಕೂರ್ತೀಯ, ಅದು ಕಿತ್ಕೊಳ್ಳೋದಕ್ಕಿಂತ ಕಷ್ಟ. ಅವಳಿಗೆ ಖುಷಿ ಆಗ್ತಿದೆ. ಹನ್ನೊಂದು ವರ್ಷದ ಮಗು ಯಾರ ಹಂಗೂ ಇಲ್ಲದೆ ಒಂದು ಮೂಲೇಲಿ ಕೂತು ಖುಷಿಯಾಗಿದೆ. ನಂಗೆ ಅಷ್ಟು ಸಾಕು, ನಿಂಗೂ ಸಾಕಾಗ್ಬೇಕು.

ಇನ್ನೊಂದು. ಹೊಸ ಮನೆ ಆಸ್ತಿ ತೆರಿಗೆ ಕಟ್ಟಿದ ರಶೀದಿ ತೆಗೆದು ನೋಡು, ಅದರಲ್ಲಿ ಗ್ರಂಥಾಲಯ ಕರ ಅಂತ ಇರುತ್ತೆ, ತೆರಿಗೆ 100 ರೂಪಾಯಿಗೆ 6 ರೂಪಾಯಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು. ನಿಮ್ಮ ಏರಿಯಾದಲ್ಲಿರೋ ಲೈಬ್ರರಿಗೆ ನೀನು ಆಗ್ಲೇ ದುಡ್ಡು ಕೊಟ್ಟಿದೀಯ. ಶನಿವಾರ ಅವಳನ್ನ ಕರ್ಕೊಂಡು ಹೋಗು, ಕಪಾಟಿನ ಮುಂದೆ ಬಿಟ್ಟು ನೀನು ದೂರ ಕೂತ್ಕೋ, ಅವಳು ಏನು ಎತ್ಕೊಂಡ್ಲು ಅಂತ ನೋಡೋಕೂ ಹೋಗ್ಬೇಡ.

ನಮ್ಮ ಆ ಹಳೇ 'ಕರ್ವಾಲೋ' ನನ್ನ ಹತ್ರಾನೇ ಇತ್ತು, ಇವತ್ತು ಪೋಸ್ಟಿಗೆ ಹಾಕಿದೀನಿ. ರಟ್ಟು ಕಿತ್ತೋಗಿದೆ, ಕೊನೇ ಪುಟಗಳಲ್ಲಿ ಅಡಿಕೆ ಕಲೆ ಇದೆ, ದೊಡ್ಡಮ್ಮ ಓತಿ ಚಿತ್ರ ಇದೆಯಾ ತೋರ್ಸು ಅಂತ ಕೈಗೆ ತಗೊಂಡಿದ್ರಲ್ಲ ಆವಾಗಿನದ್ದು. ಮಗಳಿಗೆ ಆ ಭಾಷೆ ಸ್ವಲ್ಪ ಕಷ್ಟ ಆಗಬಹುದು. ಮೊದಲ ರಾತ್ರಿ ನೀನೇ ಓದಿ ಹೇಳು, ಮಂದಣ್ಣನ ದನಿ ಇನ್ನೂ ಬರುತ್ತಾ ನೋಡು.

ಶೆಲ್ಫ್ ಮೇಲಿಟ್ಟಿದ್ದನ್ನ ಮಾತ್ರ ಇವತ್ತೇ ಕೆಳಗಿಳಿಸಿ ಕೊಡು. ಅವಳು ಯಾವ ಪುಟದಲ್ಲಿದ್ಲೋ ಅಲ್ಲೇ ಇನ್ನೂ ನಿಂತಿರ್ತಾಳೆ.

ನಿನ್ನ ಗೆಳೆಯ