ಕಾಂಕ್ರೀಟಿನೊಳಗಿನ ಕಂಬಿಗೆ ಇನ್ನು ವೆಲ್ಡಿಂಗ್ ಇಲ್ಲ: ಗ್ರಾಹಕರಿಗೆ ಪತ್ರ

ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ

ವಿಷಯ: ಮನೆ ಕಟ್ಟುವ ಕಂಬಿಗಳ ವೆಲ್ಡಿಂಗ್ ಕೆಲಸದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಪಿಲ್ಲರ್, ಬೀಮ್, ಮೋಲ್ಡ್, ಲಿಂಟಲ್, ಸಜ್ಜ, ಸಂಪಿನ ಗೋಡೆ ಮುಂತಾದ ಕಾಂಕ್ರೀಟ್ ಕೆಲಸಗಳಿಗೆ ಹೋಗುವ ಟಿಎಂಟಿ ಕಂಬಿಗಳನ್ನು ಒಂದಕ್ಕೊಂದು ಬೆಸೆದು ಉದ್ದ ಮಾಡಿಕೊಡುವುದನ್ನೂ, ಮುಖ್ಯ ಕಂಬಿಗಳನ್ನು ಸುತ್ತುವ ರಿಂಗುಗಳನ್ನು ಅವಕ್ಕೆ ಟ್ಯಾಕ್ (ಚುಕ್ಕಿಯಷ್ಟು ಚಿಕ್ಕ ಬೆಸುಗೆ) ಹಾಕಿಕೊಡುವುದನ್ನೂ ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಸಹಕಾರ ಸಂಘದ ವರ್ಕ್‌ಶಾಪಿನಲ್ಲಿ ನಿಲ್ಲಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಬಳ್ಳಿಯ ಚಪ್ಪರ, ರೇಷ್ಮೆ ಹುಳು ಮನೆಯ ಸ್ಟ್ಯಾಂಡು, ಕುರಿ ದೊಡ್ಡಿಯ ಬೇಲಿ, ಗಿಡದ ಕಾವಲು ಮುಂತಾಗಿ ಕಾಂಕ್ರೀಟಿನ ಹೊರಗೆ ನಿಲ್ಲುವ ಕೆಲಸಗಳಿಗೆ ಕಂಬಿ ಬೆಸೆಯುವುದು ಎಂದಿನಂತೆ ಮುಂದುವರಿಯುತ್ತದೆ. ಆದರೆ ಅಲ್ಲಿಯೂ ಮಾಲು ಒಪ್ಪಿಕೊಳ್ಳುವ ರೀತಿ, ಬಳಸುವ ವೆಲ್ಡಿಂಗ್ ರಾಡು ಮತ್ತು ಕೂಲಿಯ ಲೆಕ್ಕ ಬದಲಾಗಲಿವೆ. ಕೆಲಸ ಬೇಡವೆಂದು ಹೇಳುವ ಅಂಗಡಿ ಅದಕ್ಕೆ ಕಾರಣವನ್ನೂ ಹೇಳಬೇಕಾಗುತ್ತದೆ. ಆದ್ದರಿಂದ ಪತ್ರ ಸ್ವಲ್ಪ ದೀರ್ಘವಾಗಿದೆ.

ತಾವು ಹಣ ಕೊಟ್ಟು ತರುವ ಟಿಎಂಟಿ ಕಂಬಿಯ ಬಲ ಅದರ ಲೋಹದ ಬೆರಕೆಯಿಂದ ಮಾತ್ರ ಬಂದದ್ದಲ್ಲ, ಅದನ್ನು ತಣಿಸಿದ ಕ್ರಮದಿಂದಲೂ ಬಂದದ್ದು. ರೋಲಿಂಗ್ ಮಿಲ್ಲಿನಿಂದ ಕೆಂಪಗೆ ಕಾದು ಹೊರಬರುವ ಸರಳನ್ನು ರಭಸದ ನೀರಿನಲ್ಲಿ ಹಾಯಿಸಿದಾಗ ಅದರ ಮೈ ತಟ್ಟನೆ ತಣಿದು ಗಡುಸಾಗುತ್ತದೆ. ಒಳಗಿನ ತಿರುಳು ಇನ್ನೂ ಬಿಸಿಯಾಗಿಯೇ ಇದ್ದು, ಆ ಬಿಸಿ ಹೊರಕ್ಕೆ ಹರಿದು ಬಂದು ಗಡುಸಾದ ಕವಚವನ್ನು ಹದಗೊಳಿಸುತ್ತದೆ. ಕೊನೆಗೆ ತಿರುಳು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಹೊರಗೆ ಬಲ, ಒಳಗೆ ಬಾಗುವ ಗುಣ, ಎರಡೂ ಸೇರಿದ್ದರಿಂದಲೇ ಅದು ಟಿಎಂಟಿ. ಕಂಬಿಯ ಮೈಮೇಲೆ ಅಚ್ಚಾಗಿರುವ 500 ಎಂಬ ಅಂಕಿಯ ಅರ್ಥ, ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ 500 ನ್ಯೂಟನ್ ಎಳೆತದವರೆಗೆ ಅದು ಮರಳಿ ಬಾರದಂತೆ ಹಿಗ್ಗುವುದಿಲ್ಲ ಎಂಬುದು. 12 ಮಿ.ಮೀ. ಕಂಬಿಯ ಲೆಕ್ಕದಲ್ಲಿ ಇದು ಸುಮಾರು ಐದೂಮುಕ್ಕಾಲು ಟನ್ ತೂಕಕ್ಕೆ ಸಮ. ಅಂಕಿಯ ಮುಂದೆ 'ಡಿ' ಎಂದಿದ್ದರೆ ಮುರಿಯುವ ಮೊದಲು ಇನ್ನಷ್ಟು ಹಿಗ್ಗುವ ಗುಣವಿದೆ ಎಂದರ್ಥ: ಭಾರತೀಯ ಮಾನಕ ಐಎಸ್ 1786 ಸಾದಾ 500ಕ್ಕೆ ಕನಿಷ್ಠ ಶೇ. 12ರಷ್ಟು ಹಿಗ್ಗುವಿಕೆಯನ್ನು ಕೇಳಿದರೆ, 500 ಡಿಗೆ ಶೇ. 16ನ್ನು ಕೇಳುತ್ತದೆ.

ಇಂಥ ಕಂಬಿಯ ಮೇಲೆ ವೆಲ್ಡಿಂಗ್ ಆರ್ಕ್ ಹೊತ್ತಿಸಿದಾಗ ಆ ಜಾಗದಲ್ಲಿ ಉಕ್ಕು ಕರಗಿಯೇ ಹೋಗುತ್ತದೆ, ಅದರ ಅಕ್ಕಪಕ್ಕದಲ್ಲಿ ಮಿಲ್ಲಿನಲ್ಲಿ ಕೊಟ್ಟ ಹದ ಕೆಡುತ್ತದೆ. ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. ಉಕ್ಕಿನಲ್ಲಿ ಇಂಗಾಲ ಮತ್ತು ಮ್ಯಾಂಗನೀಸ್ ಹೆಚ್ಚಿದ್ದಷ್ಟೂ ಬೇಗ ತಣಿಯುವ ಬೆಸುಗೆಯ ಪಕ್ಕದ ಭಾಗ ಗಾಜಿನಂತೆ ಪೆಡಸಾಗುತ್ತದೆ; ತೇವವಿದ್ದ ರಾಡಿನಿಂದ ಹೈಡ್ರೋಜನ್ ಕೂಡ ಸೇರಿಕೊಂಡರೆ, ಬೆಸೆದ ಹೊತ್ತಿಗೆ ಚೆನ್ನಾಗಿಯೇ ಕಂಡ ಜೋಡಣೆಯಲ್ಲಿ ಹಲವು ಗಂಟೆಗಳ ನಂತರ, ಕೆಲವೊಮ್ಮೆ ಒಂದೆರಡು ದಿನಗಳ ನಂತರ, ಕೂದಲೆಳೆಯಷ್ಟು ಬಿರುಕು ಮೂಡಬಹುದು. ಅಷ್ಟರಲ್ಲಿ ಅದರ ಮೇಲೆ ಕಾಂಕ್ರೀಟ್ ಬಿದ್ದಿರುತ್ತದೆ.

ಟಿಎಂಟಿಯನ್ನು ಬೆಸೆಯಲೇಬಾರದು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಇಂಗಾಲ ಕಡಿಮೆಯಿರುವ ಒಳ್ಳೆಯ ಕಂಬಿಯನ್ನು ಕ್ರಮವರಿತು ಬೆಸೆಯಬಹುದು, ಮತ್ತು ಬಲವರ್ಧನೆಯ ಸರಳುಗಳ ಬೆಸುಗೆಗೆಂದೇ ಐಎಸ್ 2751 ಹಾಗೂ ಐಎಸ್ 9417 ಎಂಬ ಮಾನಕಗಳೂ ಇವೆ. ಪ್ರಶ್ನೆ ಇರುವುದು ನಮ್ಮ ಕೈಗೆ ಬರುವ ಕಂಬಿ ಯಾವುದು ಎಂಬಲ್ಲಿ. ಬೆಸುಗೆಗೆ ಖಾತರಿ ಬೇಕಾದರೆ, ವಿಶೇಷ ಮಿಶ್ರಲೋಹ ಸೇರಿಸದ ಉಕ್ಕಿನಲ್ಲಿ ಇಂಗಾಲದ ಪ್ರಮಾಣಕ್ಕೆ ಮ್ಯಾಂಗನೀಸಿನ ಆರನೇ ಒಂದು ಭಾಗವನ್ನು ಕೂಡಿಸಿದ ಮೊತ್ತ ಶೇ. 0.42 ದಾಟಬಾರದು ಎನ್ನುತ್ತದೆ ಐಎಸ್ 1786. ಅದೇ ಮಾನಕ ಸಾದಾ 500 ದರ್ಜೆಯಲ್ಲಿ ಇಂಗಾಲವನ್ನು ಶೇ. 0.30ರವರೆಗೆ ಬಿಡುತ್ತದೆ. ಅಷ್ಟು ಇಂಗಾಲದ ಜೊತೆ ಶೇ. 1ರಷ್ಟು ಮ್ಯಾಂಗನೀಸ್ ಇದ್ದರೆ ಮೊತ್ತ 0.47 ಆಗುತ್ತದೆ, ಅಂದರೆ ಮಾನಕಕ್ಕೆ ಒಪ್ಪುವ ಕಂಬಿಯೇ ಬೆಸುಗೆಗೆ ಒಪ್ಪದೆ ಹೋಗಬಹುದು. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ನೋಡದೆ ಇದನ್ನು ಕಣ್ಣಿನಿಂದ ತಿಳಿಯುವ ದಾರಿಯಿಲ್ಲ. ಟ್ರ್ಯಾಕ್ಟರಿನಲ್ಲಿ ಬರುವ ನಾಲ್ಕೈದು ತುಂಡು ಕಂಬಿಗೆ ಯಾರ ಬಳಿಯೂ ಸರ್ಟಿಫಿಕೇಟ್ ಇರುವುದಿಲ್ಲ ಎಂಬುದು ತಮಗೂ ಗೊತ್ತು.

ವೆಲ್ಡಿಂಗ್ ಕೇಳುವವರು ಹೇಳುವ ಮೊದಲ ಕಾರಣ, ಒಂದರ ಮೇಲೊಂದು ಹಾಸಿ ಕಟ್ಟಿದರೆ ಕಂಬಿ ದಂಡವಾಗುತ್ತದೆ ಎಂಬುದು. ಲೆಕ್ಕ ಹಾಕಿ ನೋಡೋಣ. ಎಂ20 ದರ್ಜೆಯ ಕಾಂಕ್ರೀಟಿನಲ್ಲಿ, ಬೀಮ್ ಅಥವಾ ಮೋಲ್ಡ್ ಬಾಗುವುದರಿಂದ 500 ದರ್ಜೆಯ ಕಂಬಿ ಎಳೆತಕ್ಕೆ ಸಿಕ್ಕುವ ಕಡೆ, ಕಾಂಕ್ರೀಟ್ ಕಟ್ಟಡಗಳ ಮಾನಕವಾದ ಐಎಸ್ 456ರ ಪ್ರಕಾರ ಲ್ಯಾಪ್ ಉದ್ದ (ಎರಡು ಕಂಬಿಗಳನ್ನು ಒಂದರ ಮೇಲೊಂದು ಹಾಸುವ ಉದ್ದ) ಕಂಬಿಯ ದಪ್ಪದ 57 ಪಟ್ಟು ಬರುತ್ತದೆ. ನಮ್ಮ ಕಡೆಯ ಮೇಸ್ತ್ರಿಗಳು 50 ಪಟ್ಟು ಎಂದು ಹಿಡಿಯುವ ವಾಡಿಕೆಗಿಂತ ಇದು ತುಸು ಹೆಚ್ಚು. 12 ಮಿ.ಮೀ. ಕಂಬಿಗೆ ಅದು 684 ಮಿ.ಮೀ., ಅಂದರೆ ಎರಡೂಕಾಲು ಅಡಿ. ಈ ಕಂಬಿ ಮೀಟರಿಗೆ 888 ಗ್ರಾಂ ತೂಗುವುದರಿಂದ ಒಂದು ಲ್ಯಾಪಿಗೆ ಹೆಚ್ಚುವರಿಯಾಗಿ ಹೋಗುವ ಉಕ್ಕು ಸುಮಾರು 600 ಗ್ರಾಂ. ಇಷ್ಟನ್ನು ಉಳಿಸಲು ರಾಡು, ಕರೆಂಟು, ವೆಲ್ಡರ್ ಕೂಲಿ ಮತ್ತು ವರ್ಕ್‌ಶಾಪಿಗೆ ಸಾಗಿಸುವ ಬಾಡಿಗೆ ಕೊಡುವುದರಲ್ಲಿ ಲಾಭವಿದೆಯೆಂದು ನಮಗೆ ಅನ್ನಿಸುವುದಿಲ್ಲ. ಇಷ್ಟರ ಮೇಲೆ, ಬೆಸೆದ ಜೋಡಣೆ ಕಂಬಿಯಷ್ಟೇ ಗಟ್ಟಿಯೆಂದು ಪರೀಕ್ಷೆಯಲ್ಲಿ ಸಾಬೀತಾದರೂ, ಎಳೆತದ ಜಾಗದಲ್ಲಿ ಸಾಮಾನ್ಯವಾಗಿ ಅದರ ಬಲದ ಶೇ. 80ನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲು ಐಎಸ್ 456 ಒಪ್ಪುತ್ತದೆ. ಲ್ಯಾಪುಗಳನ್ನು ಒಂದೇ ಸಾಲಿನಲ್ಲಿ ಬರದಂತೆ ಹಿಂದುಮುಂದಾಗಿ ಇಡುವುದು, ಒಂದೇ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಿಗಳನ್ನು ಜೋಡಿಸದಿರುವುದು ಕಂಬಿ ಕಟ್ಟುವವರ ಜವಾಬ್ದಾರಿ.

ನಮಗೆ ಬಹಳ ಬೇಡಿಕೆ ಬರುವುದು ಇನ್ನೊಂದು ಕೆಲಸಕ್ಕೆ. ಮುಂದೆ ಮಹಡಿ ಕಟ್ಟೋಣವೆಂದು ಮೋಲ್ಡಿನ ಮೇಲೆ ಪಿಲ್ಲರ್ ಕಂಬಿ ಬಿಟ್ಟಿರುತ್ತಾರೆ. ಎಷ್ಟೋ ಮಳೆಗಾಲ ಕಳೆದು, ಮಕ್ಕಳ ಮದುವೆಯ ಹೊತ್ತಿಗೆ ಮಹಡಿಯ ಮಾತು ಬಂದಾಗ, ಒಂದಡಿಯಷ್ಟು ತುಕ್ಕು ಹಿಡಿದ ತುಂಡು ಉಳಿದಿರುತ್ತದೆ. ಅದರ ತುದಿಗೆ ಹೊಸ ಕಂಬಿ ಬೆಸೆದುಕೊಡಿ ಎಂದು ಕರೆಯುತ್ತಾರೆ. ಇನ್ನು ಮುಂದೆ ಈ ಕೆಲಸಕ್ಕೆ ನಮ್ಮವರು ಬರುವುದಿಲ್ಲ. ಮನೆ ಹಳೆಯದಾಗಿದ್ದರೆ ಆ ಕಂಬಿ ಟಿಎಂಟಿಯೇ ಅಲ್ಲದೆ ತಣ್ಣಗೆ ತಿರುಚಿ ಬಲ ಬರಿಸಿದ ಟಾರ್ ಸ್ಟೀಲ್ ಆಗಿರಬಹುದು. ಮೈಯ ಏಣುಗಳು ಹಗ್ಗ ಹೊಸೆದಂತೆ ಸುತ್ತಿಕೊಂಡಿದ್ದರೆ ಅದೇ ಗುರುತು. ತಿರುಚಿದ್ದರಿಂದ ಬಂದ ಬಲ ಬೆಸುಗೆಯ ಬಿಸಿಗೆ ಇಳಿದುಹೋಗುತ್ತದೆ. ಹೀಗಿರುವಾಗ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸುವುದೇ ಸರಿ. ಪಿಲ್ಲರಿನ ತಲೆಯ ಕಾಂಕ್ರೀಟನ್ನು ಜೋಪಾನವಾಗಿ ಒಡೆದು ಲ್ಯಾಪಿಗೆ ಬೇಕಾದಷ್ಟು ಹಳೆಯ ಕಂಬಿಯನ್ನು ಬಿಡಿಸಿಕೊಳ್ಳಬಹುದೇ, ರಂಧ್ರ ಕೊರೆದು ರಾಸಾಯನಿಕ ಅಂಟಿನಿಂದ ಹೊಸ ಕಂಬಿ ನೆಡಬಹುದೇ, ದಪ್ಪ ಕಂಬಿಯಾದರೆ ಐಎಸ್ 16172ಕ್ಕೆ ಒಪ್ಪುವ ಕಪ್ಲರ್ (ಎರಡು ಕಂಬಿಗಳ ತುದಿಗಳನ್ನು ಜೋಡಿಸುವ ಕೊಳವೆ) ಹಾಕಬಹುದೇ ಎಂಬುದನ್ನು ಅವರು ಜಾಗ ನೋಡಿ ಹೇಳುತ್ತಾರೆ. ಈಗಷ್ಟೇ ಮನೆ ಕಟ್ಟುತ್ತಿರುವವರು ಮುಂದಿನ ಮಹಡಿಗೆ ಪೂರ್ತಿ ಲ್ಯಾಪ್ ಉದ್ದದ ಕಂಬಿ ಬಿಟ್ಟು, ಅದರ ಸುತ್ತ ಬಡ ಕಾಂಕ್ರೀಟ್ ತುಂಬಿಯೋ ದಪ್ಪಗೆ ಸಿಮೆಂಟ್ ಹಾಲು ಬಳಿದೋ ಕಾಪಾಡಿಕೊಂಡರೆ ಈ ಪ್ರಮೇಯವೇ ಬರುವುದಿಲ್ಲ.

ರಿಂಗುಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಟ್ಯಾಕ್ ಹಾಕಿದರೆ ಪಂಜರ ಅಲುಗಾಡದೆ ನಿಲ್ಲುತ್ತದೆ, ಬೇಗ ಮುಗಿಯುತ್ತದೆ, ನಿಜ. ಆದರೆ ಬಟಾಣಿಯಷ್ಟು ಚಿಕ್ಕ ಬೆಸುಗೆಯೇ ದೊಡ್ಡ ಬೆಸುಗೆಗಿಂತ ಬೇಗ ತಣಿದು ಹೆಚ್ಚು ಪೆಡಸಾಗುವುದು. ಮುಖ್ಯ ಕಂಬಿಯ ಮೈಯಲ್ಲಿ ಅದೊಂದು ಕಚ್ಚಾಗಿ ಉಳಿಯುತ್ತದೆ. ಕಂಬಿಯನ್ನು ಹಿಡಿದಿಡುವ ಕೆಲಸ ಕಾಂಕ್ರೀಟಿನದು. ಕಾಂಕ್ರೀಟ್ ಸುರಿಯುವವರೆಗೆ ರಿಂಗು ಜರುಗದಿದ್ದರೆ ಸಾಕು, ಅದಕ್ಕೆ 18 ಗೇಜಿನ ಬೈಂಡಿಂಗ್ ವೈರ್ ಯಥೇಷ್ಟ. ಇನ್ನು ಮೇಲೆ ವರ್ಕ್‌ಶಾಪಿನಲ್ಲಿ ಅಳತೆಗೆ ತಕ್ಕಂತೆ ಕಂಬಿ ಕತ್ತರಿಸಿ, ರಿಂಗು ಬಾಗಿಸಿ, ವೈರಿನಲ್ಲಿ ಕಟ್ಟಿದ ಪಂಜರವನ್ನೇ ಕೊಡುತ್ತೇವೆ.

ಒಂದು ವಿನಾಯಿತಿ ಇದೆ. ಎಂಜಿನಿಯರ್ ಸಹಿ ಮಾಡಿದ ನಕ್ಷೆಯಲ್ಲಿ ಬೆಸುಗೆಯ ಜಾಗ, ಉದ್ದ ಮತ್ತು ರಾಡಿನ ದರ್ಜೆ ನಮೂದಾಗಿದ್ದು, ಕಂಬಿಯ ಟೆಸ್ಟ್ ಸರ್ಟಿಫಿಕೇಟ್ ಜೊತೆಗಿದ್ದು, ಮಾದರಿ ಜೋಡಣೆಯೊಂದನ್ನು ಪ್ರಯೋಗಾಲಯದಲ್ಲಿ ಎಳೆದು ಪರೀಕ್ಷಿಸಲು ಗ್ರಾಹಕರು ಒಪ್ಪಿದರೆ ಅಂಥ ಕೆಲಸವನ್ನು ಕೈಗೊಳ್ಳುತ್ತೇವೆ. ಸಣ್ಣ ಮನೆಗೆ ಇಷ್ಟೆಲ್ಲ ಖರ್ಚು ಹೊಂದುವುದಿಲ್ಲ, ಲ್ಯಾಪೇ ಅಗ್ಗ.

ಕಾಂಕ್ರೀಟಿನ ಹೊರಗಿನ ಕೆಲಸಗಳಿಗೆ ಬಂದರೆ, ಮೈಮೇಲೆ ಕಂಪನಿಯ ಹೆಸರು ಮತ್ತು ದರ್ಜೆ ಓದಲು ಬರುವ ಕಂಬಿಯನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ. ಗುಜರಿಯ ಕಂಬಿಯನ್ನು ಗಿಡದ ಕಾವಲಿಗೆ, ಹೂಕುಂಡದ ಸ್ಟ್ಯಾಂಡಿಗೆ ಬೆಸೆದುಕೊಡುತ್ತೇವೆಯೇ ಹೊರತು, ಮನುಷ್ಯರು ಹತ್ತುವ, ತೂಗುವ, ಕೆಳಗೆ ನಿಲ್ಲುವ ಯಾವುದಕ್ಕೂ ಬಳಸುವುದಿಲ್ಲ. ಗ್ರಿಲ್ ಕೆಲಸಕ್ಕೆ ಬಳಸುವ 6013 ರಾಡಿನ ಬದಲು ಕಂಬಿಗೆ ಇನ್ನು ಮೇಲೆ ಹೈಡ್ರೋಜನ್ ಕಡಿಮೆಯಿರುವ 7018 ರಾಡು ಬಳಸುತ್ತೇವೆ. ಈ ರಾಡು ಗಾಳಿಯ ತೇವವನ್ನು ಬೇಗ ಹೀರುವುದರಿಂದ ಮೊದಲು 300 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಕಾಯಿಸಿ, ಆಮೇಲೆ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬೇಕಾದಷ್ಟೇ ಹೊರತೆಗೆಯಬೇಕು. ಅದಕ್ಕಾಗಿ ಓವನ್ ಮತ್ತು ಡಿಸಿ ಇನ್ವರ್ಟರ್ ಯಂತ್ರ ತರಿಸಿದ್ದೇವೆ. ಬೆಸೆದ ಮಾಲನ್ನು ತಾನಾಗಿ ತಣಿಯಲು ಬಿಟ್ಟು, ಮರುದಿನ ಬೆಳಕಿನಲ್ಲಿ ಪ್ರತಿ ಜೋಡಣೆಯನ್ನೂ ನೋಡಿಯೇ ಕೊಡುವುದರಿಂದ 'ನಿಂತ ಕಾಲಲ್ಲೇ ಮಾಡಿಕೊಡಿ' ಎಂದರೆ ಆಗುವುದಿಲ್ಲ. ಶಿಡ್ಲಘಟ್ಟ, ಶ್ರೀನಿವಾಸಪುರ ಕಡೆಯಿಂದ ಗಾಡಿ ಮಾಡಿಕೊಂಡು ಬರುವವರು ದಯವಿಟ್ಟು ಇದನ್ನು ಗಮನಿಸಬೇಕು. ಕೂಲಿಯನ್ನು ತೂಕಕ್ಕೆ ಬದಲು ಜೋಡಣೆಗೆ ಇಷ್ಟೆಂದು ಲೆಕ್ಕ ಹಾಕುತ್ತೇವೆ. ದರಪಟ್ಟಿ ವರ್ಕ್‌ಶಾಪಿನ ಬಾಗಿಲಲ್ಲಿದೆ. ಸಣ್ಣ ಕೆಲಸಕ್ಕೆ ಇದು ಮೊದಲಿಗಿಂತ ಹೆಚ್ಚಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎಲ್ಲದಕ್ಕೂ ಮನೆಯಲ್ಲಿ ಉಳಿದ ಕಂಬಿಯೇ ಆಗಬೇಕೆಂದಿಲ್ಲ ಎಂದೂ ಹೇಳಬೇಕು. ಏಣುಗಳಿರುವ ಕಂಬಿಯ ಸಂದಿಯಲ್ಲಿ ನೀರು ನಿಂತು ಬಣ್ಣ ಬೇಗ ಏಳುತ್ತದೆ, ಆದ್ದರಿಂದ ಗೇಟಿಗೆ ಚೌಕ ಸರಳು ಅಥವಾ ಪೈಪು ಮೇಲು. ಕೊಟ್ಟಿಗೆಯ ಗೋದಲಿಯ ಮುಂದೆ ಕಂಬಿ ಹಾಕಿದರೆ ಹಸುವಿನ ಕುತ್ತಿಗೆ ಉಜ್ಜಿ ಗಾಯವಾಗುತ್ತದೆ. ಅಲ್ಲಿ ನುಣುಪಾದ ಪೈಪನ್ನೇ ಹಾಕಿಸಿ. ತೊಟ್ಟಿಲು, ಉಯ್ಯಾಲೆ ಮತ್ತು ಸಂಪಿನ ಮುಚ್ಚಳ ಎತ್ತುವ ಕೊಂಡಿಗಳಿಗೆ ಟಿಎಂಟಿ ತುಂಡನ್ನು ಬಾಗಿಸಿ ಬೆಸೆಯುವುದನ್ನೂ ನಿಲ್ಲಿಸಿದ್ದೇವೆ. ಅದಕ್ಕೆ ನುಣುಪಾದ ಮೈಲ್ಡ್ ಸ್ಟೀಲ್ ಸರಳಿನ ಕೊಂಡಿಯನ್ನು ಮೋಲ್ಡ್ ಹಾಕುವ ಮೊದಲೇ ಕೊಡುತ್ತೇವೆ, ಮೇಸ್ತ್ರಿಗಳು ತೊಟ್ಟಿಲು, ಉಯ್ಯಾಲೆಯ ಕೊಂಡಿಯನ್ನು ಮೋಲ್ಡಿನ ಕಂಬಿಗಳ ಮೇಲೆ, ಮುಚ್ಚಳ ಎತ್ತುವ ಕೊಂಡಿಯನ್ನು ಮುಚ್ಚಳದ ಕಂಬಿಗಳ ಕೆಳಗೆ ಸಿಕ್ಕಿಸಿ ವೈರಿನಲ್ಲಿ ಕಟ್ಟಬೇಕು.

ಸ್ವಂತ ಯಂತ್ರವಿಟ್ಟುಕೊಂಡು ತೋಟದ ಸಣ್ಣಪುಟ್ಟ ಬೆಸುಗೆ ತಾವೇ ಮಾಡಿಕೊಳ್ಳುವ ಗ್ರಾಹಕರೂ ನಮಗಿದ್ದಾರೆ. ಅವರು ತುಕ್ಕು, ಬಣ್ಣ, ಸಿಮೆಂಟಿನ ಹುಡಿಯನ್ನು ಗ್ರೈಂಡರಿನಿಂದ ತೆಗೆದು ಹೊಳೆಯುವ ಲೋಹದ ಮೇಲೆಯೇ ಬೆಸೆಯಬೇಕು. ಬೆಸುಗೆಯ ಮೇಲೆ ನೀರು ಸುರಿದು ತಣಿಸುವ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಬೆಸೆದ ಜಾಗದ ಹತ್ತಿರ ಕಂಬಿಯನ್ನು ಬಾಗಿಸಬಾರದು. ದ್ರಾಕ್ಷಿ ಚಪ್ಪರದ ಜಿಐ ಪೈಪಿಗೆ ಕಂಬಿ ಬೆಸೆಯುವಾಗ ಸತುವಿನ ಲೇಪವನ್ನು ಮೊದಲು ಉಜ್ಜಿ ತೆಗೆಯದಿದ್ದರೆ ಅದರ ಹೊಗೆಯಿಂದ ರಾತ್ರಿ ಚಳಿಜ್ವರ ಬರುತ್ತದೆ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಕೆಲಸ ಮಾಡಬೇಕು. ಕೈಗೆ ಚರ್ಮದ ಗವಸು, ಕಣ್ಣಿಗೆ ಬೆಸುಗೆಯ ಕಪ್ಪು ಗಾಜಿನ ಮುಖವಾಡ ಬೇಕೇ ಬೇಕು. ಬಿಸಿಲಿನ ಕನ್ನಡಕ ಯಾವ ಲೆಕ್ಕಕ್ಕೂ ಇಲ್ಲ. 7018 ರಾಡನ್ನು ಬಿಡಿಯಾಗಿ ಕೊಂಡವರು ಆ ದಿನವೇ ಬಳಸಿಕೊಳ್ಳಲಿ, ಉಳಿದದ್ದನ್ನು ನಮಗೆ ತಂದರೆ ಮತ್ತೆ ಓವನ್ನಿನಲ್ಲಿ ಕಾಯಿಸಿ ಕೊಡುತ್ತೇವೆ.

ಈಗಾಗಲೇ ಮುಂಗಡ ಕೊಟ್ಟು ಪಿಲ್ಲರ್ ಅಥವಾ ಬೀಮ್ ಕಂಬಿಗಳ ವೆಲ್ಡಿಂಗ್ ಬರೆಸಿರುವವರು ಈ ತಿಂಗಳ ಕೊನೆಯೊಳಗೆ ರಸೀದಿಯೊಡನೆ ಬಂದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ, ಅಥವಾ ಅದೇ ಹಣಕ್ಕೆ ಕಂಬಿ ಕತ್ತರಿಸುವ, ಬಾಗಿಸುವ ಮತ್ತು ಕಟ್ಟುವ ಕೆಲಸ ಮಾಡಿಕೊಡುತ್ತೇವೆ. ಬರುವಾಗ ಮೇಸ್ತ್ರಿಗಳನ್ನೂ ಜೊತೆಗೆ ಕರೆತಂದರೆ ಲ್ಯಾಪಿನ ಅಳತೆಯನ್ನು ಅವರೊಡನೆ ಕುಳಿತು ಬರೆದುಕೊಡಲು ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)