ಸೋತ ತಂಡಕ್ಕೆ ಬದ್ಧತೆ ಇಲ್ಲ ಅನ್ನಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಎರಡು ಪಂದ್ಯ ಸೋತರೆ ಸಾಕು, ಕಂಠೀರವ ಸ್ಟೇಡಿಯಂನ ಸ್ಟ್ಯಾಂಡಿನಲ್ಲೂ ಮಾರನೇ ದಿನದ ಪತ್ರಿಕೆಗಳಲ್ಲೂ ಒಂದೇ ಮಾತು: ಆಟಗಾರರಿಗೆ ಬದ್ಧತೆ ಇಲ್ಲ. ಗೆದ್ದ ಕೂಡಲೇ ಅದೇ ಹುಡುಗರಿಗೆ ಆತ್ಮವಿಶ್ವಾಸ ತುಂಬಿ ತುಳುಕುತ್ತಿದೆ ಅಂತ ಬರೆಯುತ್ತೇವೆ. ಇವೆರಡೂ ಬೇರೆ ಬೇರೆ. ಒಂದು ಕಳೆದುಹೋದಾಗ ಇನ್ನೊಂದರ ಹೆಸರು ಹಿಡಿದು ಬೈಯುವುದರಿಂದ ಆಟಗಾರರಿಗೆ ಅನ್ಯಾಯ ಆಗುತ್ತಿದೆ ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

2022–23ರ ಸೀಸನ್ ನೆನಪಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಡುರಾಂಡ್ ಕಪ್ ಎತ್ತಿದ ತಂಡ ಅದು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದ ಮೇಲೆ ಏನಾಯ್ತು? ಮೊದಲ 12 ಪಂದ್ಯಗಳಲ್ಲಿ ಎಂಟು ಸೋಲು. 'ದುಡ್ಡಿಗಾಗಿ ಆಡ್ತಾರೆ ಬಿಡಿ' ಅಂತ ನನ್ನ ಪಕ್ಕದಲ್ಲೇ ಕೂತವರು ಹೇಳುತ್ತಿದ್ದರು. ಆಮೇಲೆ ಅದೇ ತಂಡ, ಅದೇ ಕೋಚ್ ಸೈಮನ್ ಗ್ರೇಸನ್, ಲೀಗಿನ ಉಳಿದ ಎಂಟಕ್ಕೆ ಎಂಟೂ ಪಂದ್ಯ ಗೆದ್ದರು. ಆ ಸೀಸನ್ನಿನ ಲೀಗಿನಲ್ಲಿ ಅಲ್ಲಿಯವರೆಗೆ ಸೋಲೇ ಕಾಣದಿದ್ದ ಮುಂಬೈ ಕೂಡ ಫೆಬ್ರುವರಿಯಲ್ಲಿ ಕಂಠೀರವದಲ್ಲಿ ಸೋತು ಹೋಯಿತು. ಡಿಸೆಂಬರ್‌ವರೆಗೆ ಬದ್ಧತೆಯೇ ಇಲ್ಲದವರಿಗೆ ಜನವರಿಯಲ್ಲಿ ಅದು ಎಲ್ಲಿಂದ ಬಂತು, ಹೇಳಿ?

ಬದ್ಧತೆ ಮೊದಲೂ ಇತ್ತು. ಹೋಗಿದ್ದು ತಮ್ಮ ಮೇಲಿನ ನಂಬಿಕೆ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ದೊಡ್ಡ ಸ್ಟೇಡಿಯಂನಲ್ಲಿ ಅಲ್ಲ, ಹಲಸೂರಿನ ಮಣ್ಣಿನ ಮೈದಾನದಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಹುಡುಗರು ಆಡುವುದನ್ನು ನೋಡಲು ಹೋಗುತ್ತೇನೆ. ಹದಿನಾಲ್ಕು ವರ್ಷದ ಒಬ್ಬ ಗೋಲ್‌ಕೀಪರ್ ಇದ್ದಾನೆ. ಎಲ್ಲರಿಗಿಂತ ಮೊದಲು ಬರುತ್ತಾನೆ, ಕೊನೆಗೆ ಹೋಗುತ್ತಾನೆ. ಒಂದು ಪಂದ್ಯದಲ್ಲಿ ಸುಮ್ನೆ ಉರುಳಿಕೊಂಡು ಬಂದ ಚೆಂಡು ಅವನ ಕಾಲಿನ ಸಂದಿಯಲ್ಲಿ ಒಳಗೆ ಹೋಯಿತು. ಅಲ್ಲಿಂದ ಮುಂದೆ ನಾಲ್ಕು ವಾರ ಅವನು ಗೋಲಿನ ಗೆರೆ ಬಿಟ್ಟು ಒಂದು ಹೆಜ್ಜೆ ಮುಂದೆ ಬರಲಿಲ್ಲ. ಕಾರ್ನರ್ ಬಂದಾಗಲೆಲ್ಲ ಗ್ಲೌಸ್ ಚಡ್ಡಿಗೆ ಒರೆಸಿಕೊಳ್ಳುತ್ತಾ ನಿಂತೇ ಇರುತ್ತಿದ್ದ. ಆದರೆ ಪ್ರಾಕ್ಟೀಸ್‌ಗೆ ಒಂದು ದಿನವೂ ತಪ್ಪಿಸಲಿಲ್ಲ, ಮಳೆ ಬಂದ ದಿನ ಕೂಡ. ಅವನ ಕೋಚ್ ಬೈಯಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಪಂದ್ಯದ ಮೊದಲ ಹತ್ತು ನಿಮಿಷ ಅವನಿಗೆ ಸಲೀಸಾದ ಪಾಸ್ ಕೊಡುತ್ತಿರಿ ಅಂತ ಡಿಫೆಂಡರ್‌ಗಳಿಗೆ ಹೇಳಿದರು, ಅಷ್ಟೆ. ಐದನೇ ವಾರ ಹುಡುಗ ಜನರ ಮಧ್ಯೆ ನುಗ್ಗಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದ.

ದೊಡ್ಡವರ ಆಟದಲ್ಲೂ ಇದೇ ನಡೆಯುವುದು. ನಂಬಿಕೆ ಹೋದ ಆಟಗಾರ ಓಡುವುದನ್ನು ಬಿಡುವುದಿಲ್ಲ. ಮುಂದಕ್ಕೆ ಕೊಡಬೇಕಾದ ಪಾಸನ್ನು ಹಿಂದಕ್ಕೆ ಕೊಡುತ್ತಾನೆ. ಒಂದೇ ಟಚ್‌ನಲ್ಲಿ ಹೊಡೆಯಬೇಕಾದ ಚೆಂಡನ್ನು ಮೂರು ಸಲ ಮುಟ್ಟುತ್ತಾನೆ. ಅಷ್ಟರಲ್ಲಿ ದಾರಿ ಮುಚ್ಚಿಹೋಗಿರುತ್ತದೆ. ನಮಗೆ ಮೇಲಿನಿಂದ ಅದು ಸೋಮಾರಿತನದ ಹಾಗೆ ಕಾಣುತ್ತದೆ. ನಾವು ಕೂಗುತ್ತೇವೆ. ಅವನು ಇನ್ನೂ ಹೆದರುತ್ತಾನೆ.

ಬದ್ಧತೆ ಅಂದರೆ ಏನು ಅಂತ ಆ ಸೀಸನ್ನಿನಲ್ಲೇ ಸುನೀಲ್ ಚೆಟ್ರಿ ತೋರಿಸಿದರು. 38 ವರ್ಷದ ನಾಯಕ. ಎಷ್ಟೋ ಪಂದ್ಯಗಳಲ್ಲಿ ಬೆಂಚಿನಲ್ಲಿ ಕೂತರು. ಅವರ ಜಾಗದಲ್ಲಿ ಶಿವಶಕ್ತಿಯಂಥ ಹುಡುಗ ಆಡುತ್ತಿದ್ದ. ಮುಖ ಊದಿಸಿಕೊಳ್ಳಲು ಕಾರಣ ಬೇಕಾದಷ್ಟಿತ್ತು ಅಲ್ವಾ? ಮುಂಬೈ ವಿರುದ್ಧ ಎರಡು ಪಂದ್ಯಗಳ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದು ಹೆಡ್ ಮಾಡಿ ಗೋಲು ಹೊಡೆದರು, ಪಂದ್ಯ 1–0. ಎರಡು ವರ್ಷ ಕಳೆದು, 2025ರ ಏಪ್ರಿಲ್‌ನಲ್ಲಿ ಗೋವಾದ ಫಟೋರ್ಡಾದಲ್ಲಿ ಮತ್ತೆ ಬೆಂಚಿನಿಂದ ಎದ್ದು ಬಂದು, ಹೆಚ್ಚುವರಿ ಸಮಯಕ್ಕೆ ಹೋಗುತ್ತಿದ್ದ ಸೆಮಿಫೈನಲ್‌ ಅನ್ನು ಇಂಜುರಿ ಟೈಮ್‌ನಲ್ಲಿ ಮತ್ತೊಂದು ಹೆಡರ್‌ನಿಂದ ಮುಗಿಸಿದರು. ಆಗ ಅವರಿಗೆ 40. ಎರಡೂ ಸಲ ಫೈನಲ್‌ನಲ್ಲಿ ಸೋತೆವು, ನಿಜ. 2023ರಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ, 2025ರಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ. ಆ ಸೋಲುಗಳು ಇವತ್ತಿಗೂ ನೋಯುತ್ತವೆ. ಆದರೆ ಅವು ಬದ್ಧತೆ ಇಲ್ಲದವರ ಸೋಲುಗಳಲ್ಲ.

ಇನ್ನೊಂದು ಮಾತು. ಬದ್ಧತೆಯ ಪ್ರಶ್ನೆಯನ್ನು ನಾವು ಯಾವಾಗಲೂ ಆಟಗಾರರಿಗೇ ಕೇಳುತ್ತೇವೆ. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದೆ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಬೇಕಾಯಿತು. ಮನೆ ಬಾಡಿಗೆ ಹೇಗೆ ಅಂತ ಯೋಚಿಸುವವನಿಂದ ಮೈದಾನದಲ್ಲಿ ಧೈರ್ಯದ ಪಾಸ್ ಬರಬೇಕು ಅಂತ ನಿರೀಕ್ಷಿಸುವುದು ಜಾಸ್ತಿಯಾಯಿತು. ಲೀಗ್ ನಡೆಸುವವರು ಮೊದಲು ತಮ್ಮ ಬದ್ಧತೆ ತೋರಿಸಲಿ.

ನಿಮ್ಮ ಕ್ರೀಡಾ ವರದಿಗಾರರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ತಂಡ ಸೋತಾಗ, ಚೆಂಡು ಕಳೆದುಕೊಂಡ ಮೇಲೆ ಯಾರು ಹಿಂದಕ್ಕೆ ಓಡಿ ಬಂದರು, ಯಾರು ನಡೆದು ಬಂದರು ಅನ್ನುವುದನ್ನೂ ಬರೆಯಿರಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ, ಅದರಲ್ಲಿ ಇದು ಕಾಣುವುದಿಲ್ಲ. ಸ್ಟ್ಯಾಂಡಿನಲ್ಲಿ ಕೂತವರಿಗೆ ಚೆನ್ನಾಗಿ ಕಾಣುತ್ತದೆ.

ಇಂತಿ,
ನಿಮ್ಮ ಕಾಯಂ ಓದುಗ,
ಹಲಸೂರು, ಬೆಂಗಳೂರು